ಇಲ್ಲದ ಪುಸ್ತಕವನ್ನು ನಾನು ಕಳೆದ ಪ್ರಸಂಗ

ಗ್ರಂಥಾಲಯದ ಅಪರೂಪದ ಕಾದಂಬರಿಯೊಂದನ್ನು ನಾನು ಕಳೆದುಹಾಕಿದೆ ಎಂದು ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಈ ಆರೋಪವನ್ನು ನಾನು ಉಗ್ರವಾಗಿ ಖಂಡಿಸುತ್ತೇನೆ. ಒಂದು ವಸ್ತು ಕಳೆದುಹೋಗಬೇಕಾದರೆ ಅದು ಮೊದಲು ಇರಬೇಕು. ಆ ಪುಸ್ತಕ ಇರಲೇ ಇಲ್ಲ!

ಆದರೆ ಇದನ್ನು ಬೀದಿಯಲ್ಲಿ ನಿಂತು ವಾದಿಸುವ ಹಾಗಿಲ್ಲ. ವಾದಿಸಿದರೆ ಎರಡು ಮಗ್ಗ ಗುಜರಿಗೆ ಹೋಗುತ್ತವೆ.

ಬೀದಿಯ ಪುಟ್ಟ ಗ್ರಂಥಾಲಯದ ಮೇಡಂ ಹೆರಿಗೆ ರಜೆಗೆ ಹೋದಾಗ, ಸಂಜೆ ಹೊತ್ತು ಅಲ್ಲಿ ಕೂರುವ ಹೊಣೆ ನನ್ನ ಮೇಲೆ ಬಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ "ಆಧಾರ ಎಲ್ಲಿ?" ಎಂಬ ಒಂದೇ ಪ್ರಶ್ನೆಯಿಂದ ಎದುರಾಳಿಗಳನ್ನು ಕೆಡವಿದವನು ನಾನು. ದೇವರಿಂದ ಹಿಡಿದು ಹವಾಮಾನ ವರದಿಯವರೆಗೆ ಯಾವುದನ್ನೂ ನಂಬಿದವನಲ್ಲ. ನಂಬಿದ್ದು ಮೊಬೈಲನ್ನು ಮಾತ್ರ. ಯಾರಿಗೆ ಯಾವ ಪುಸ್ತಕ ಹಿಡಿಸುತ್ತದೆಂದು ಇಂಟರ್ನೆಟ್ಟಿನಲ್ಲಿ ಹುಡುಕಿ ಕೊಟ್ಟರಾಯಿತು. ಇದರಲ್ಲೇನು ಮಹಾ!

ಮೊದಲು ಬಂದವರು ನಂಜಮ್ಮ. ಗಂಡ ತೀರಿಕೊಂಡ ಮೇಲೆ ಮನೆಯ ಎರಡು ಪವರ್‌ಲೂಮ್‌ಗಳನ್ನು ಒಬ್ಬರೇ ನಡೆಸುತ್ತಿರುವವರು.

"ಏನಪ್ಪಾ ಮಧು, ಗಂಡ ಹೋದ್ಮೇಲೂ ಮಗ್ಗ ನಡ್ಸೋ ಹೆಂಗಸಿನ ಕಥೆ ಯಾವ್ದಾದ್ರೂ ಐತಾ? ಅಳೋ ಕಥೆ ಬ್ಯಾಡ. ಅಳೋದು ನಂಗೇ ಬತ್ತದೆ."

"ಎರಡೇ ನಿಮಿಷ ಅಮ್ಮ."

ಪುಸ್ತಕದಂಗಡಿಯ ಜಾಲತಾಣದಲ್ಲಿ 'ಮಗ್ಗ' ಎಂದು ಹುಡುಕಿದೆ. ಪವರ್‌ಲೂಮ್ ರಿಪೇರಿ ಕೈಪಿಡಿ ಬಂತು. 'ವಿಧವೆ' ಎಂದೆ. ಪಿಂಚಣಿ ಪಡೆಯುವ ವಿಧಾನ ಬಂತು. 'ರೇಷ್ಮೆ, ಹೆಂಗಸು, ಧೈರ್ಯ' ಎಂದೆ. ರೇಷ್ಮೆಹುಳುವಿನ ರೋಗಗಳ ಬಗ್ಗೆ ಸಚಿತ್ರ ಗ್ರಂಥ! ಧೈರ್ಯ ಬೇಕಾದದ್ದು ಆ ಚಿತ್ರ ನೋಡುವುದಕ್ಕೆ.

"ಥೂ, ಈಗಿನ್ನೂ ಊಟ ಮಾಡ್ಕೊಂಡ್ ಬಂದಿವ್ನಿ ಕಣಪ್ಪಾ!" ಎಂದು ನಂಜಮ್ಮ ಮುಖ ತಿರುಗಿಸಿದರು.

ಮಾನ ಪೂರ್ತಿ ಹೋಗುವುದರೊಳಗೆ ಎಐ ಆ್ಯಪ್ ತೆರೆದು ಕೇಳಿದೆ. ಉಸಿರೆಳೆಯುವಷ್ಟರಲ್ಲಿ ಉತ್ತರ! ಕಾದಂಬರಿಯ ಹೆಸರು, ಲೇಖಕಿಯ ಹೆಸರು, ಕಥಾಸಾರ. ಒಬ್ಬ ವಿಧವೆ, ಎರಡು ಮಗ್ಗ, ಮಾರಿಬಿಡು ಎಂದು ಬೆನ್ನುಬಿದ್ದ ಮೈದುನ. ನಾನು ಬೆರಗಾಗಿ ಗಟ್ಟಿಯಾಗಿ ಓದಿದೆ. ನಂಜಮ್ಮ ಬೆಂಚಿನ ಮೇಲೆ ಕೂತೇಬಿಟ್ಟರು.

"ನಮ್ಮನೆ ಕಥೆ ಇವ್ರಿಗ್ಯಾರು ಹೇಳಿದ್ರು? ನನ್ ಮೈದ್ನ ಶಿವಣ್ಣನೂ ಇದ್ನೇ ಹಿಡ್ಕೊಂಡವ್ನೆ. ಮಗ್ಗ ಗುಜರಿಗೆ ಹಾಕು, ಜಾಗ ಬಾಡಿಗೆಗೆ ಕೊಡು ಅಂತ. ಸೋಮವಾರ ಗುಜರಿಯೋನ್ನ ಕರ್ಕೊಂಡ್ ಬತ್ತಾನಂತೆ. ಅಷ್ಟ್ರಲ್ಲಿ ಈ ಪುಸ್ತಕ ತರ್ಸು. ಅವ್ಳು ಕೊನೇಗೆ ಏನ್ ಮಾಡಿದ್ಲು ನೋಡ್ಬಿಟ್ಟು, ನಾನೂ ಅವ್ನಿಗೆ ಹೇಳ್ತೀನಿ."

ತರಿಸುವುದೇನು ಕಷ್ಟ! ಹುಡುಕಿದೆ. ಅಂಗಡಿಗಳಲ್ಲಿ ಇಲ್ಲ. ಹಳೇ ಪುಸ್ತಕದವರಲ್ಲಿ ಇಲ್ಲ. ದೊಡ್ಡ ದೊಡ್ಡ ಗ್ರಂಥಾಲಯಗಳ ಜಾಲತಾಣಗಳಲ್ಲೂ ಇಲ್ಲ. ಲೇಖಕಿಯಂತೂ ಭೂಮಿಯ ಮೇಲೇ ಇಲ್ಲ! "ಆಧಾರ ಎಲ್ಲಿ?" ಎಂದು ಆ್ಯಪನ್ನೇ ಕೇಳಿದೆ. ಅದು ವಿನಯದಿಂದ ಕ್ಷಮೆ ಕೋರಿ, ಅದೇ ಕಾದಂಬರಿಗೆ ಇನ್ನೊಬ್ಬ ಲೇಖಕಿಯನ್ನು ಒದಗಿಸಿತು. ಕೊನೆಗೆ ಏನಾಗುತ್ತದೆ ಎಂದೆ. ಮಗ್ಗ ಮಾರುತ್ತಾಳೆ ಎಂದಿತು. ಖಚಿತವೇ ಎಂದೆ. ಇಲ್ಲ, ಮಾರುವುದಿಲ್ಲ ಎಂದಿತು. ಮತ್ತೊಮ್ಮೆ ಕೇಳಿದ್ದಕ್ಕೆ ಮೈದುನನ ಜೊತೆ ಅವಳ ಮದುವೆಯನ್ನೇ ಮಾಡಿಸಿಬಿಟ್ಟಿತು!

ಗೊತ್ತಿಲ್ಲದ್ದನ್ನು ತೊದಲದೆ ಹೇಳುವ ವಿದ್ಯೆಯಲ್ಲಿ ನಾನೂ ಕಪ್ ಗೆದ್ದವನೇ. ಆದರೆ ಈ ಮಟ್ಟದಲ್ಲಿ? ಒಳಗೊಳಗೇ ಕೈಮುಗಿದೆ.

ಸೋಮವಾರ ಬೆಳಿಗ್ಗೆಯೇ ನಿಜ ಹೇಳಲು ಹೋದೆ. ನಂಜಮ್ಮ ಮಗ್ಗ ನಿಲ್ಲಿಸಿ ಕೇಳಿಸಿಕೊಂಡರು.

"ಅಂದ್ರೆ, ಪುಸ್ತಕಾನೇ ಇಲ್ವಾ?"

"ಇಲ್ಲಮ್ಮ."

"ಅಯ್ಯೋ ನಿನ್ನ! ಶಿವಣ್ಣಂಗೆ ನಿನ್ನೇನೇ ಹೇಳ್ಬಿಟ್ನಲ್ಲೋ! ಅವ್ಳು ಮಗ್ಗ ಮಾರ್ಲಿಲ್ಲ, ಪುಸ್ತಕದಾಗೇ ಅಚ್ಚಾಗೈತೆ ಅಂತ."

"ಓದದೇನೇ ಹೇಳಿದ್ರಾ?"

"ಓದೋದೇನ್ ಬಂತು? ಆ ಹೆಂಗಸು ಮಾರೋಳ ಥರ ಕಾಣ್ಲಿಲ್ಲ ನಂಗೆ."

ಅಷ್ಟರಲ್ಲಿ ಬಾಗಿಲಲ್ಲಿ ಶಿವಣ್ಣ. ಅವನ ಹಿಂದೆ ತಕ್ಕಡಿ ಹಿಡಿದ ಗುಜರಿಯವನು.

"ಲೇ ಮಧು, ಆ ಪುಸ್ತಕ ಎಲ್ಲೋ? ಕೊನೇ ಪುಟ ತೋರ್ಸು. ಅತ್ತಿಗೆ ಹೇಳಿದ್ದು ನಿಜ ಆದ್ರೆ ನಾನು ಬಾಯಿ ಮುಚ್ಕೋತೀನಿ."

ಲೋಕದಲ್ಲಿ ಆಧಾರ ಕೇಳುವವರು ಎಷ್ಟು ಕ್ರೂರಿಗಳೆಂದು ನನಗೆ ಅಂದೇ ತಿಳಿದದ್ದು. ಗುಜರಿಯವನು ಆಗಲೇ ಮಗ್ಗದ ಕಬ್ಬಿಣ ಮುಟ್ಟಿ ನೋಡುತ್ತಿದ್ದ. ನಂಜಮ್ಮ ನನ್ನನ್ನೇ ನೋಡುತ್ತಿದ್ದರು.

"ಅದು... ಕಳ್ದೋಯ್ತು ಶಿವಣ್ಣ," ಎಂದೆ. "ಬಸ್ಸಲ್ಲಿ ಬಿಟ್ಬಿಟ್ಟೆ. ಆದ್ರೆ ಪೂರ್ತಿ ಓದಿದ್ದೆ. ಅವ್ಳು ಮಾರಲ್ಲ."

ಶಿವಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಗ್ರಂಥಾಲಯದ ಪುಸ್ತಕ ಬಸ್ಸಲ್ಲಿ ಬಿಡೋನು! ನಿನ್ ಕೈಗೆ ಬೀಗದ ಕೈ ಕೊಟ್ಟೋರ್ಗೆ ಬುದ್ಧಿ ಇಲ್ಲ." ಆಮೇಲೆ ಗುಜರಿಯವನ ಕಡೆ ತಿರುಗಿ, "ಅಚ್ಚಾಗೈತೆ ಅಂತಾರಲ್ಲಯ್ಯಾ. ನಡಿ, ಸದ್ಯಕ್ಕೆ ಬ್ಯಾಡ," ಎಂದು ಹೊರಟೇಹೋದ!

ಇಷ್ಟು ಸ್ಪರ್ಧೆ ಗೆದ್ದರೂ ನನ್ನ ವಾದ ಕೇಳಿ ಒಬ್ಬನೇ ಒಬ್ಬ ಮನಸ್ಸು ಬದಲಿಸಿದ್ದನ್ನು ನಾನು ಕಂಡಿಲ್ಲ. ಇಲ್ಲಿ ನಂಜಮ್ಮ, ಯಾರೂ ಬರೆಯದ, ಎಲ್ಲೂ ಅಚ್ಚಾಗದ, ತಾವೇ ಓದದ ಪುಸ್ತಕ ಹಿಡಿದು ಗೆದ್ದಿದ್ದರು. ನನ್ನ ಪಾಲಿಗೆ ಬಂದದ್ದು ಪುಸ್ತಕ ಕಳೆದವನೆಂಬ, ಕಳ್ಳನಿಗಿಂತ ಒಂದೇ ಮೆಟ್ಟಿಲು ಮೇಲಿನ ಹೆಸರು.

ಈಗ ಇಡೀ ಬೀದಿ ಅದರ ಇನ್ನೊಂದು ಪ್ರತಿ ತರಿಸು ಎಂದು ನನ್ನ ಪ್ರಾಣ ತಿನ್ನುತ್ತಿದೆ. ಎಲ್ಲರಿಗಿಂತ ಮುಂದೆ ಶಿವಣ್ಣ. ಬೇರೆ ದಾರಿ ಕಾಣದೆ ಆ ಕಾದಂಬರಿ ಬರೆಯಲು ನಾನೇ ಕೂತಿದ್ದೇನೆ. ಗಂಟೆಗಟ್ಟಲೆ ಮಾತಾಡಬಲ್ಲ ಈ ಮಹಾಶಯನಿಗೆ ಒಂದು ಪುಟ ದಾಟುವ ಯೋಗ್ಯತೆಯಿಲ್ಲ. ಮೊನ್ನೆ ನಾಚಿಕೆ ಬಿಟ್ಟು ನಂಜಮ್ಮನ ಮನೆಗೆ ಹೋದೆ. ಒಂದು ಮಗ್ಗ ಓಡುತ್ತಿತ್ತು. ಇನ್ನೊಂದನ್ನು ನಿಲ್ಲಿಸಿಕೊಂಡು ಅವರು ತಲೆಯೆತ್ತದೆ, ಹರಿದ ಎಳೆಯೊಂದನ್ನು ಹುರಿಮಾಡಿ ಸೇರಿಸುತ್ತಿದ್ದರು. ಮಗ್ಗದ ಸದ್ದನ್ನು ಮೀರಿಸಿ ಕೂಗಿ ಕೇಳಿದೆ:

"ಅಮ್ಮಾ, ಮಗ್ಗ ಉಳಿಸ್ಕೊಂಡ್ಮೇಲೆ ಅವ್ಳು ಏನ್ ಮಾಡಿದ್ಲು?"