ಮೂರನೆಯ ಭಾಗದ ಅಜ್ಜಿಯ ಕೆಮ್ಮು

ಭಾನುವಾರ, ಮುಂಜಾನೆ ಒಂಬತ್ತು ಗಂಟೆ. ಬೆಟಗೇರಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ಮಗ ಪ್ರಕಾಶ, ಸೊಸೆ ಗೀತಾ. ಹೀಗೆ ಶುರುಮಾಡದೆ ಯಾವ ಸಂಗತಿಯನ್ನೂ ಹೇಳಲು ನನಗೆ ಬರುವುದಿಲ್ಲ. ಮುಂಡರಗಿ, ಶಿರಹಟ್ಟಿ, ಗದಗ ಎಂದು ಮೂವತ್ತನಾಲ್ಕು ವರ್ಷ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ಡ್ಯೂಟಿ ಮುಗಿದಾಗ ಮುಂದಿನವಳಿಗೆ ಹೀಗೆಯೇ ಬರೆದುಕೊಡಬೇಕಿತ್ತು. ನಿವೃತ್ತಿಯಾದರೂ ಚಾಳಿ ಹೋಗಿಲ್ಲ. ಹಾಲು ಉಕ್ಕಿದರೆ ಒಲೆ ಆರಿಸುವ ಮೊದಲು ಗಡಿಯಾರ ನೋಡುತ್ತೇನೆ.

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ನನಗೆ ವಿಡಿಯೋ ಗೇಮಿನ ಹುಚ್ಚು ಹತ್ತಿದೆ. ಮೊಣಕಾಲಿನ ಆಪರೇಶನ್ ಆಗಿ ಕೂತಲ್ಲೇ ಕೂತಿದ್ದಾಗ ಗೀತಾ ರಿಮೋಟ್ ಕೈಗಿಟ್ಟು, "ಅತ್ತಿ, ಕಾಲು ನಡೀಲಿಲ್ಲಂದ್ರ ಇದರಾಗ ಅಡ್ಡಾಡ್ರಿ" ಎಂದಳು. ಕುದುರೆ ಹತ್ತಿದ ಒಬ್ಬ ಸವಾರ, ದೊಡ್ಡದೊಂದು ನಾಡು, ಮನಸ್ಸು ಬಂದ ಕಡೆ ತಿರುಗಾಟ. ಈ ಆಟ ವರ್ಷಗಳಿಂದ ಭಾಗದ ಮೇಲೆ ಭಾಗ ಬರುತ್ತಲೇ ಇದೆ. ಮೊದಲನೆಯದು ಪ್ರಕಾಶನ ಪ್ರಾಣ. ಎರಡನೆಯದನ್ನು ಗೀತಾ ಲಕ್ಷ್ಮೇಶ್ವರದ ತವರಿನಿಂದ ಮದುವೆಯ ಸೀರೆಗಳ ಜೊತೆಗೇ ತಂದಿದ್ದಳು. ಯಾವುದು ಮೇಲು ಎಂದು ಇಬ್ಬರೂ ಊಟದ ಹೊತ್ತಿಗೆಲ್ಲ ಜಗಳಾಡುತ್ತಾರೆ. ನಾನು ಮೂರನ್ನೂ ಆಡಿದವಳು. ನನ್ನ ಅಳತೆ ಒಂದೇ: ಗಾಯ ಹೇಗೆ ಮಾಯುತ್ತದೆ? ಮೊದಲನೆಯದರಲ್ಲಿ ಎದೆಗೆ ಆರು ಬಾಣ ನೆಟ್ಟವನು ಯುದ್ಧದ ನಡುವೆಯೇ ಇಡೀ ಕೋಳಿ ತಿಂದು ಸರಿಹೋಗುತ್ತಾನೆ. ಅಂಥ ಸ್ಥಿತಿಯಲ್ಲಿ ಬಾಯಿಗೆ ನೀರೂ ಹಾಕಬಾರದು! ಎರಡನೆಯದು ನೋಡಲು ಚೆಂದ, ಬಿಂಕದಕಟ್ಟಿಯ ಮೃಗಾಲಯದಲ್ಲಿ ಇರುವುದಕ್ಕಿಂತ ಹೆಚ್ಚು ಪ್ರಾಣಿಗಳು ಅದರ ಒಂದೇ ಕಾಡಿನಲ್ಲಿವೆ. ಆದರೆ ಕಾಲು ಮುರಿದವನು ಒಂದು ತಾಸು ಮಲಗಿ ಎದ್ದರೆ ಓಡುತ್ತಾನೆ. ಅಂಥ ಹಾಸಿಗೆ ಎರಡು ಸಿಕ್ಕಿದ್ದರೆ ನಾನು ಇಡೀ ವಾರ್ಡ್ ಖಾಲಿ ಮಾಡಿಸುತ್ತಿದ್ದೆ. ಮೂರನೆಯದರಲ್ಲಿ ಮಾತ್ರ ಗಾಯ ತೊಳೆಯಬೇಕು, ಪಟ್ಟಿ ಕಟ್ಟಬೇಕು, ಇಲ್ಲವಾದರೆ ಜ್ವರ. ಜನ ಇದನ್ನು ನಿಧಾನದ ಆಟವೆಂದು ಬೈಯುತ್ತಾರಂತೆ. "ಅವ್ವಾ, ಆಟ ಆಡಾಕ ಕೂಡೋದೋ ನರ್ಸಿಂಗ್ ಕಲಿಯಾಕೋ?" ಎಂದು ಪ್ರಕಾಶನೂ ನಗುತ್ತಾನೆ.

ಆ ಭಾನುವಾರ ನಾಲ್ಕನೆಯ ಭಾಗ ಮನೆಗೆ ಬಂದಿತ್ತು. ಆಟದ ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ. ಹಳೆಯ ಮೂರರಲ್ಲಿ ಒಂದನ್ನಷ್ಟೇ ಉಳಿಸಿ, ಉಳಿದೆರಡನ್ನು ಮಧ್ಯಾಹ್ನ ಒಂದಕ್ಕೆ ಅಳಿಸುವುದೆಂದು ತೀರ್ಮಾನವಾಯಿತು. ಮೊದಲು ಹೋಗುವುದು ನನ್ನ ಮೂರನೆಯದೇ ಎಂದು ಗಂಡ ಹೆಂಡತಿ ಅಪರೂಪಕ್ಕೆ ಒಂದಾಗಿದ್ದರು. ನನ್ನ ಸಂಕಟ ಏನೆಂದರೆ, ಮೂರನೆಯ ಭಾಗದಲ್ಲಿ ಗುಡ್ಡದ ಮೇಲಿನ ಗುಡಿಸಲಿನಲ್ಲಿ ಒಬ್ಬ ಅಜ್ಜಿ ಜ್ವರ, ಕೆಮ್ಮಿನಿಂದ ಮಲಗಿದ್ದಳು. ಆಕೆಗೆ ಬೇಕಾದ ಬೇರು ಇದ್ದದ್ದು ಹೊಳೆಯ ಆಚೆ, ಕಾವಲಿಗೆ ದರೋಡೆಕೋರರು. ಎಂಟು ದಿನದಲ್ಲಿ ಅವರು ನನ್ನನ್ನು ಹನ್ನೊಂದು ಸಲ ಕೊಂದಿದ್ದರು. "ಮತ್ತ ಯಾವಾಗರ ಹಾಕ್ಕೋಬಹುದು ಅವ್ವಾ" ಎಂದ ಮಗ. ಅಲ್ಲಿಯತನಕ ಆಕೆಯನ್ನು ಯಾರು ನೋಡಬೇಕು? ರೋಗಿಯನ್ನು ಅರ್ಧಕ್ಕೆ ಬಿಟ್ಟು ವಾರ್ಡ್‌ಗೆ ಬೀಗ ಹಾಕುವವಳು ನಾನಲ್ಲ. ಕನ್ನಡಕ ಒರೆಸಿಕೊಂಡು ಕೂತೆ.

ಹತ್ತೂ ಇಪ್ಪತ್ತಕ್ಕೆ ಸತ್ತೆ. ಹನ್ನೊಂದಕ್ಕೆ ಒಬ್ಬನನ್ನು ಹೊಡೆದು ಕೆಡವಿದೆ. ರಕ್ತ ಸುರಿಯುತ್ತಿತ್ತು, ಕೆಡವಿದವಳು ನಾನೇ ಆದರೂ ನೋಡಿಕೊಂಡು ಸುಮ್ಮನೆ ಹೋಗಲಾಗಲಿಲ್ಲ. ಪಟ್ಟಿ ಕಟ್ಟಲು ಬಗ್ಗಿದೆ. ಅವನು ಎದ್ದು ನನ್ನನ್ನು ಕೊಂದ. ಗೀತಾ ಹಣೆ ಚಚ್ಚಿಕೊಂಡಳು. ಮುಂದಿನ ಸಲ ಮೇಲಿನ ದಾರಿ ಹಿಡಿದು, ಕುದುರೆ ಬಿಟ್ಟು, ಹೊಳೆ ಈಜಿ ಬೇರು ಕಿತ್ತೆ. "ಅತ್ತಿ, ಬಂದ್ರು ನೋಡ್ರಿ, ಕತ್ತಿ ತಗೀರಿ, ಕತ್ತಿ!" "ಕೈಯಾಗ ಔಷಧ ಐತಲ್ಲ, ಓಡತೇನಿ ಸುಮ್ನಿರು!" ಓಡಿದೆ. ಹನ್ನೆರಡೂ ಐವತ್ತಕ್ಕೆ ಗುಡಿಸಲು ಸೇರಿ ಕಷಾಯ ಕುಡಿಸಿದೆ. ಅಜ್ಜಿ ಎದ್ದು ಕೂತು ಹರಸಿದಳು. ಜ್ವರ ನೋಡುವ ಬಟನ್ ಯಾವುದೆಂದು ಕೇಳಿದೆ. ಇಲ್ಲವಂತೆ.

"ಆತಲ್ಲ ಅವ್ವಾ, ಗುಣ ಆದ್ಲು. ಅಳಸೂಣು?" ಎಂದ ಪ್ರಕಾಶ. ಮಾತು ಮಾತೇ. ರಿಮೋಟನ್ನು ಗೀತಾಳಿಗೆ ಕೊಟ್ಟೆ. ಅವಳು ಆಟದಿಂದ ಹೊರಬರಬೇಕು ಅನ್ನುವಷ್ಟರಲ್ಲಿ ಅಜ್ಜಿ ಮತ್ತೆ ಕೆಮ್ಮಿದಳು.

"ಅಯ್ಯ, ಮತ್ತ ಕೆಮ್ಮಾಕತ್ತಾಳಲ್ರಿ!" ಎಂದಳು ಗೀತಾ.

"ದಿನಾ ಕೆಮ್ಮತಾಳ, ಹಂಗ ಮಾಡಿಟ್ಟಾರ. ಮತ್ತ ಬೇರು ತಂದುಕೊಡಬೇಕು" ಎಂದ ಪ್ರಕಾಶ.

"ದಿನಾ ಕೆಮ್ಮಿದ್ರ ದಿನಾ ನೋಡಬೇಕು. ಖರೆ ರೋಗಿ ಅಂದ್ರ ಇದೇ" ಎಂದೆ ನಾನು.

ಗೀತಾಳ ಬೆರಳು ಬಟನ್ ಮೇಲೆಯೇ ನಿಂತಿತ್ತು. ಅಜ್ಜಿ ಇನ್ನೊಮ್ಮೆ ಕೆಮ್ಮಿದಳು. "ರೀ, ನನ್ನ ಕೈಲೆ ಆಗೂದಿಲ್ಲ. ನಂದೂ ತಗೀರಿ, ನಿಮ್ಮದೂ ತಗೀರಿ. ಇದು ಇರ್ಲಿ" ಎಂದು ರಿಮೋಟ್ ಕೆಳಗಿಟ್ಟಳು. ಪ್ರಕಾಶ ತನ್ನ ಮೊದಲನೆಯ ಭಾಗವನ್ನು ಅಳಿಸುವಾಗ ಕಿವಿಯ ತನಕ ಕೆಂಪಾಗಿದ್ದ. ಮಗನ ಮುಖ ನೋಡಿ ಒಂದು ನಿಮಿಷ ಕೆಡುಕೆನಿಸಿತು. ಒಂದೇ ನಿಮಿಷ.

ಗೆದ್ದ ಮೇಲೆ ವ್ಯವಸ್ಥೆ ಆಗಬೇಕಲ್ಲ? ಅಜ್ಜಿಗೆ ದಿನಕ್ಕೊಬ್ಬರಂತೆ ಡ್ಯೂಟಿ ಹಾಕಲು ಹಾಳೆ ತೆಗೆದೆ. "ನಾ ಬರಂಗಿಲ್ಲ ಅವ್ವಾ" ಎಂದ ಮಗ, ನಾಲ್ಕನೆಯ ಭಾಗದಿಂದ ಕಣ್ಣು ಕೀಳದೆ. ಗೀತಾ ಹಿಟ್ಟು ನಾದುವ ನೆಪ ಹೇಳಿದಳು. ಸಂಜೆ ಆರಕ್ಕೆ ಗೆರೆ ಎಳೆದು, ಹೆಸರು ತುಂಬಿ, ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ಓದಿದೆ. ವಾರದ ರಜೆಗಾಗಿ ಬಂದ ಬಂದ ಮೇಟ್ರನ್‌ಗಳ ಜೊತೆಗೆಲ್ಲ ಜಗಳಾಡಿದವಳು, ಏಳೂ ದಿನಕ್ಕೆ ನನ್ನ ಹೆಸರನ್ನೇ ದುಂಡಗೆ ಬರೆದಿದ್ದೆ.