ಅಂಗಿಯಲ್ಲ, ಬಂದೂಕು!

ಹಳೆಯ ಕಾಲದ ಬಂದೂಕುಗಳ ಬಗ್ಗೆ ನಾನು ಎರಡು ತಿಂಗಳು ಶ್ರದ್ಧೆಯಿಂದ ಓದಿದ್ದೆ. ಒಂದನ್ನೂ ಮುಟ್ಟಿರಲಿಲ್ಲ, ಅಷ್ಟೇ.

ಓದಿಸಿದವರು ಗೆಳೆಯ ಶೆಟ್ಟರು. ಉಡುಪಿಯವರು, ಮುಂಬಯಿಯ ದಹಿಸರ್‌ನಲ್ಲಿ ಹೋಟೆಲು. ಹಳೆಯ ಬಂದೂಕುಗಳಂತೆಯೇ ಮಾಡಿದ ಏರ್‌ಗನ್ ಹಿಡಿದು, ಭಾನುವಾರ ವಿಕ್ರೋಳಿಯ ಒಂದು ಹಾಲ್‌ನಲ್ಲಿ ಕಾಗದದ ಗುರಿಗೆ ಹೊಡೆಯುವ ಹುಚ್ಚು ಅವರಿಗೆ. ವರ್ಷವಿಡೀ ಕಾದ ಸ್ಪರ್ಧೆಗೆ ತಂಡದಲ್ಲಿ ಒಬ್ಬರು ಕಡಿಮೆಯಾದರು.

"ನಾ ಅದೀನಲ್ರಿ! ಬಂದೂಕೂ ನಾನ ಆರಿಸ್ತೀನಿ" ಎಂದೆ.

ಸ್ಪರ್ಧೆಯ ಹಿಂದಿನ ದಿನ ಹೆಂಡತಿ ಸುಮತಿಯೊಂದಿಗೆ ಅಂಗಡಿಗೆ ಹೋದೆ. ಟ್ರಿಗರ್ ಸುತ್ತಲಿನ ಲಿವರನ್ನು ಕೆಳಗೆ ತಳ್ಳಿ ಮೇಲೆಳೆದರೆ ಮುಂದಿನ ಚರೆ ಸಿದ್ಧವಾಗುವ ಎರಡು ಬಂದೂಕುಗಳಿದ್ದವು. ಒಂದು ಗಿಡ್ಡ, ಸಾದಾ. ಇನ್ನೊಂದು ಉದ್ದ, ಭಾರ, ಹಿತ್ತಾಳೆಯ ಹೊಳಪು.

"ಒಮ್ಮೆ ಹೆಗಲಿಗೆ ಇಟ್ಟು ನೋಡ್ರಿ" ಎಂದಳು ಸುಮತಿ.

"ಇದೇನ್ ಅಂಗಿ ಏನ, ಅಳತಿ ನೋಡಾಕ?"

ಅಂಗಡಿಯವನು ಮೆಲ್ಲನೆ, "ಸಾಬ್, ಆಪ್ ಕೇ ಲಿಯೇ ಛೋಟಾವಾಲಾ" ಎಂದ. ನನ್ನ ಐದಡಿ ಎರಡಂಗುಲದ ಸ್ವಾಭಿಮಾನ ಕೆರಳಿತು. ದೊಡ್ಡದನ್ನೇ ಕಟ್ಟಿಸಿದೆ!

ಮರುದಿನ ಹಾಲ್‌ನಲ್ಲಿ ಹೆಗಲಿಗೇರಿಸಿದಾಗಲೇ ಸತ್ಯ ತಿಳಿದದ್ದು. ಹಿಂಭಾಗ ಹೆಗಲಿಗೆ ತಾಗಿದರೆ ಕೈ ಲಿವರಿಗೆ ಎಟುಕದು. ಕೈ ಎಟುಕಿದರೆ ಕಣ್ಣು ಗುರಿಗೆ ಹೊಂದದು.

"ಎಂತ ಮಾರಾಯ್ರೆ, ನಿಮ್ಮನ್ನು ಬಂದೂಕು ಹಿಡ್ಕೊಂಡ ಹಾಗೆ ಉಂಟಲ್ಲ!" ಎಂದರು ಶೆಟ್ಟರು.

ತಾಲೀಮಿನ ಮೊದಲ ಚರೆ ಎಲ್ಲಿ ಹೋಯಿತೆಂದು ಇಂದಿಗೂ ತಿಳಿದಿಲ್ಲ. ಎರಡನೆಯದಕ್ಕೆಂದು ಲಿವರ್ ಜಗ್ಗಿದೆ. ಬೆರಳು ಅದರ ಸಂದಿಯಲ್ಲಿ ಸಿಕ್ಕಿತು. ನಾನು ಕೂಗಿದ್ದಕ್ಕೆ ಇಡೀ ಹಾಲ್ ಗುರಿ ಬಿಟ್ಟು ನನ್ನನ್ನು ನೋಡಿತು!

ಶೆಟ್ಟರು ಬೈಯಲಿಲ್ಲ. ತಾವೇ ಕೂತು ಬೆರಳಿಗೆ ಪಟ್ಟಿ ಕಟ್ಟಿದರು. "ಪರವಾಗಿಲ್ಲ, ಬರುವ ವರ್ಷ ನೋಡುವ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಗ, ನೋಡಲೆಂದು ಜೊತೆಗೆ ಬಂದು ಹಿಂದೆ ಕೂತಿದ್ದ ಸುಮತಿ ಎದ್ದಳು. "ನಾ ಹೊಡೀಲೇನ್ರಿ? ಕಾಲೇಜಿನಾಗ ರೈಫಲ್ ಹಿಡಿದಿದ್ದೆ."

ಇಪ್ಪತ್ತೆರಡು ವರ್ಷದ ಸಂಸಾರ. ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ನನಗಿಂತ ಗೇಣುದ್ದ ಎತ್ತರದ ಅವಳ ಹೆಗಲಿಗೆ ಆ ಬಂದೂಕು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹತ್ತರಲ್ಲಿ ಎಂಟು ಚರೆ ನಡುವಿನ ಕಪ್ಪು ವೃತ್ತಕ್ಕೆ!

ತಂಡಕ್ಕೆ ಎರಡನೆಯ ಸ್ಥಾನ ಬಂತು. ಶೆಟ್ಟರ ಹೋಟೆಲಿನ ಗೋಡೆಯ ಮೇಲೆ ಈಗ ಅದರ ಫೋಟೊ ಇದೆ. ನಡುವೆ ಬಂದೂಕು ಹಿಡಿದ ಸುಮತಿ. ನಾನೂ ಇದ್ದೇನೆ. ಬಲ ಅಂಚಿನಲ್ಲಿ, ಪಟ್ಟಿ ಕಟ್ಟಿದ ಒಂದು ಬೆರಳು.