ಖಂಡೇನವಮಿಗೆ ಸಿಕ್ಕಿಬಿದ್ದ ಇಂಜಿನ್ನು

ದಸರೆಯೊಳಗೆ ಆ ಗಾಡಿಯನ್ನು ನಾನೇ ರಿಪೇರಿ ಮಾಡುತ್ತೇನೆ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿಬಿಟ್ಟೆ. ಯಾಕೆ ಮಾಡಬಾರದು? ಉಷ್ಣಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು ನಾನು. ನಿವೃತ್ತಿಯಾಗುವವರೆಗೂ ಬೆಳಗಾವಿಯ ಹುಡುಗರಿಗೆ ಇಂಜಿನ್ನಿನ ಸಿದ್ಧಾಂತ ಕಲಿಸಿದವಳು. ಕರಿಹಲಗೆಯ ಮೇಲೆ ನಾನು ಬರೆದ ಒಂದೇ ಒಂದು ಇಂಜಿನ್ನೂ ಇದುವರೆಗೆ ಕೆಟ್ಟು ನಿಂತದ್ದಿಲ್ಲ!

"ಹಲಗಿ ಮ್ಯಾಲಿನ ಇಂಜಿನ್ನಿಗೆ ಎಣ್ಣಿ ಸೋರಂಗಿಲ್ಲ ಕಾಂತಾ. ಇದು ಸೋರತೈತಿ," ಎಂದರು ನಮ್ಮ ಯಜಮಾನರು ಬಸಲಿಂಗಪ್ಪನವರು.

"ಸೋರೂದನ್ನ ನಿಂದರಸಾಕ ನಿಮ್ಮ ಬ್ಯಾಂಕಿನ ಅನುಭವ ಸಾಲಂಗಿಲ್ಲ. ಬಾಜು ಸರೀರಿ."

ಅದು ಸಾಮಾನ್ಯ ಗಾಡಿಯಲ್ಲ. ಗೋವಾದಲ್ಲಿದ್ದ ಒಬ್ಬ ಪರದೇಶದವನು ತನ್ನೂರಿಗೆ ಮರಳುವಾಗ ಮಾರಿಹೋದ ಜಪಾನಿನ ಕ್ರೂಸರ್ ಮೋಟಾರ್ ಸೈಕಲ್ಲು. ಒಂದೇ ಇಂಜಿನ್ನಿನಲ್ಲಿ ಎರಡು ಸಿಲಿಂಡರು. ಒಂದು ಮುಂದಕ್ಕೆ ವಾಲಿದೆ, ಇನ್ನೊಂದು ಹಿಂದಕ್ಕೆ. ಜಗಳವಾಡಿದ ಗಂಡಹೆಂಡತಿ ಒಂದೇ ಬೆಂಚಿನ ಮೇಲೆ ಕೂತ ಹಾಗೆ! ವಡಗಾವಿಯ ನಮ್ಮ ಓಣಿಯಲ್ಲಿ ಅದನ್ನು ಹೊರಳಿಸಬೇಕಾದರೆ ಎದುರಿನ ಕಟ್ಟೆಯ ಮೇಲೆ ಕೂತವರೆಲ್ಲ ಕಾಲು ಎತ್ತಿಕೊಳ್ಳಬೇಕು.

ತಂದ ಹೊಸತರಲ್ಲಿ ಚೆನ್ನಾಗಿಯೇ ಓಡಿತು. ಆಮೇಲೆ ಕೆಮ್ಮು ಹತ್ತಿತು. ಆ ಕೆಮ್ಮು ಅಣ್ಣತಮ್ಮಂದಿರ ಮಾತನ್ನೇ ನಿಲ್ಲಿಸಿತು.

ಆದದ್ದಿಷ್ಟು. ಪಾರಿಶ್ವಾಡದಲ್ಲಿ ಯಜಮಾನರ ಅಣ್ಣ ದುಂಡಪ್ಪನವರ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮವಿತ್ತು. ಬೀಗರ ಸಮೇತ ಎಲ್ಲರೂ ಪಂಕ್ತಿಯಲ್ಲಿ ಕೂತಿದ್ದಾಗ ಭಾವನವರು, "ನಮ್ಮ ಎಮ್ಮಿನೂ ನಿನ್ನ ಗಾಡಿಯಂಗ ಕೆಮ್ಮತಿತ್ತೋ. ಶುಂಠಿ ಬೆಲ್ಲ ತಿನ್ನಿಸಿದ್ವಿ, ಆರಾಮಾತು. ನೀನೂ ತಿನ್ನಿಸಿ ನೋಡು!" ಎಂದರು. ಬೀಗರು ನಕ್ಕರು. ಯಜಮಾನರು ಎಲೆಯ ಮೇಲೆ ಹೋಳಿಗೆ ಬಿಟ್ಟು ಎದ್ದುಬಿಟ್ಟರು! "ಇನ್ನ ಬಂದ್ರ ಈ ಗಾಡಿ ಮ್ಯಾಲೇ ಬಂದು ನಿಮ್ಮ ಬಾಗಲಾಗ ನಿಂದರ್ತೀನಿ. ಅಲ್ಲೀತನಕಾ ನಿಮ್ಮ ಹೊಸ್ತಲಾ ತುಳ್ಯಾಂಗಿಲ್ಲ!"

ಪಂಕ್ತಿಯಿಂದ ಎದ್ದವನೇ ಮೊದಲು ಮಾತಾಡಲಿ ಎಂದು ಅಣ್ಣ. ನಕ್ಕವನೇ ಮೊದಲು ಮಾತಾಡಲಿ ಎಂದು ತಮ್ಮ. ವರ್ಷಗಳು ಉರುಳಿದವು, ಗಾಡಿ ಮಾತ್ರ ಉರುಳಲಿಲ್ಲ.

ನಮ್ಮ ಜೊತೆಗಿದ್ದ ಅತ್ತೆ ಭರಮವ್ವನವರು ಪ್ರತಿ ದಸರೆಗೂ, "ನಾ ಕಣ್ಣ ಮುಚ್ಚೂದರಾಗ ಇಬ್ರೂ ಬನ್ನಿ ಕೊಟ್ಟು ತಗೊಳ್ಳೂದು ನೋಡಬೇಕವಾ," ಎನ್ನುತ್ತಿದ್ದರು. ಅವರು ಕಣ್ಣು ಮುಚ್ಚುವ ಲಕ್ಷಣವೇನೂ ಇರಲಿಲ್ಲ. ಕಡಕ್ ರೊಟ್ಟಿಯನ್ನು ಸ್ವಂತ ಹಲ್ಲಿನಲ್ಲಿ ಮುರಿಯುತ್ತಿದ್ದರು. ಆದರೆ ಆ ವರ್ಷ, ಎರಡು ಸಾವಿರದ ಒಂದರಲ್ಲಿ, ಯಜಮಾನರೂ ರಾತ್ರಿ ಊಟ ಮಾಡುತ್ತ ಒಮ್ಮೆ, "ಅಣ್ಣಗ ಕಣ್ಣಿನ ಆಪರೇಶನ್ ಆತಂತ. ನನಗ ಯಾರೂ ಹೇಳಲಿಲ್ಲ," ಎಂದರು. ಅಷ್ಟೇ ಹೇಳಿ ಮಜ್ಜಿಗೆ ಕೇಳಿದರು. ನನ್ನ ಘೋಷಣೆ ಹೊರಟದ್ದು ಮರುದಿನ.

ಮೊದಲು ರೋಗನಿದಾನ. ಗಾಡಿಯನ್ನು ಹೇಗೋ ಚಾಲೂ ಮಾಡಿಸಿ ಎರಡೂ ಹೊಗೆಕೊಳವೆಗಳ ಮೇಲೆ ನೀರು ಚಿಮುಕಿಸಿದೆ. ಮುಂದಿನದು ರೊಟ್ಟಿ ಹಂಚಿನಂತೆ ಚುರ್ ಎಂದಿತು. ಹಿಂದಿನದು ನೀರಿನ ಗಡಿಗೆಯಷ್ಟು ತಣ್ಣಗೆ!

"ನೋಡ್ರಿ! ಹಿಂದಿನ ಸಿಲಿಂಡರ್ ದುಡ್ಯಾಕತ್ತಿಲ್ಲ. ಕಾರ್ಬ್ಯುರೇಟರಿನಾಗ ಹಳೇ ಪೆಟ್ರೋಲ್ ಗೋಂದಿನಂಗ ಕುಂತೈತಿ."

"ಆಟೋ ನಗರದ ಗ್ಯಾರೇಜಿಗೆ ಒಯ್ಯೂಣೇನು?"

"ನಾ ಇರೂದು ಯಾಕ?"

ನವಮಿಯ ಬೆಳಿಗ್ಗೆ ಬಿಚ್ಚಿದೆ. ನನ್ನದು ಪ್ರಯೋಗಶಾಲೆಯ ಶಿಸ್ತು. ಪಡಸಾಲೆಯಲ್ಲಿ ಯಜಮಾನರ ಒಗೆದ ಧೋತರ ಹಾಸಿ, ಸೀಮೆಎಣ್ಣೆಯಲ್ಲಿ ತೊಳೆದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟೆ. ಪೆಟ್ರೋಲು ಹರಿಯುವ ಸಣ್ಣ ಹಿತ್ತಾಳೆ ಜೆಟ್ಟುಗಳು ಫಳಫಳ ಹೊಳೆದವು. ಪಕ್ಕದಲ್ಲಿ ಸ್ಪ್ಯಾನರುಗಳು, ನಮ್ಮ ಕಡೆಯ ಮಾತಿನಲ್ಲಿ ಪಾನಾಗಳು, ಚಿಕ್ಕದರಿಂದ ದೊಡ್ಡದರವರೆಗೆ. ಎಂಥ ದೃಶ್ಯ! ತೃಪ್ತಳಾಗಿ ಸ್ನಾನಕ್ಕೆ ಹೋದೆ.

ಮರಳಿ ಬಂದಾಗ ಪಡಸಾಲೆ ತುಂಬ ಊದುಬತ್ತಿಯ ಹೊಗೆ. ಪ್ರತಿಯೊಂದು ಪಾನಾದ ಹಣೆಗೂ ವಿಭೂತಿ! ಪ್ರತಿಯೊಂದು ಜೆಟ್ಟಿನ ತೂತಿಗೂ ಕುಂಕುಮ! ಬಿಚ್ಚಿದ ಗಾಡಿಯ ಬಾಯಿ, ಮೂಗು, ಹೊಟ್ಟೆಯಲ್ಲೆಲ್ಲ ಚೆಂಡುಹೂವು! ಅತ್ತೆಯವರ ಮುಖದಲ್ಲಿ ನಾನು ಸೊಸೆಯಾಗಿ ಬಂದಾಗಿನಿಂದ ಕಾಣದ ಸಂತೋಷ.

"ಇಷ್ಟ ವರ್ಷಕ್ಕ ಬುದ್ಧಿ ಬಂತು ನೋಡವಾ ನಿನಗ! ಯಾರೂ ಹೇಳದಽ ಖಂಡೇಪೂಜಾಕ್ಕ ಎಷ್ಟ ಚಂದ ಹಚ್ಚಿಟ್ಟಿ!"

"ಅತ್ತೀ, ಅದು ಪೂಜಾಕ್ಕ ಅಲ್ರಿ, ರಿಪೇರಿಗೆ!"

"ಆಗಿದ್ದೀತು. ಈಗ ಪೂಜಾಕ್ಕ ಕುಂತಾವ. ನಾಳೆ ಪೂಜಾ ಆದ ಮ್ಯಾಲ ಎಬ್ಬಸೂಣು."

ಖಂಡೇನವಮಿಯಂದು ಪೂಜೆಗೆ ಕೂತ ಆಯುಧವನ್ನು ದಶಮಿಯ ಪೂಜೆಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ನಾನು ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿದವಳು ನಿಜ. ಆದರೆ ಆ ಭಾಷಣಗಳ ಯಾವ ಸಭೆಯಲ್ಲೂ ಭರಮವ್ವನವರು ಇರಲಿಲ್ಲ! ಒಂದು ಚಮಚದ ತುದಿಯಿಂದ ಸ್ಕ್ರೂ ತಿರುಗಿಸಲು ಹೋದೆ. ಚಮಚಕ್ಕೂ ವಿಭೂತಿ ಬಳಿದು ಸಾಲಿನಲ್ಲಿ ಕೂರಿಸಿದರು.

ಯಜಮಾನರು ಆಟೋ ನಗರಕ್ಕೆ ಓಡಿದರು. ಕೈಯಲ್ಲಿ ಒಂದು ಪೊಟ್ಟಣ ಹಿಡಿದು ಬಂದರು.

"ಪಾನಾ ಸಿಕ್ಕವೇನ್ರಿ?"

"ಅಲ್ಲೀ ಪಾನಾನೂ ಕುಂತಾವ. ಚುರಮರಿ ಕೊಟ್ಟು ಕಳಿಸಿದ್ರು."

ಓಣಿಯ ಮಗ್ಗಗಳೂ ಆ ದಿನ ಹೂ ಮುಡಿದು ಸುಮ್ಮನಿದ್ದವು. ಇಡೀ ವಡಗಾವಿಯಲ್ಲಿ ಕಟಕಟ ಎನ್ನುತ್ತಿದ್ದದ್ದು ನನ್ನ ಹಲ್ಲು ಮಾತ್ರ.

ದಶಮಿಯ ಪೂಜೆ ಮುಗಿದದ್ದೇ ತಡ, ನಾನು ಧೋತರದ ಮೇಲೆ ಎರಗಿದೆ. ಕಸಬರಿಗೆಯ ಕಡ್ಡಿಯಿಂದ ಜೆಟ್ಟುಗಳ ಕುಂಕುಮ ಬಿಡಿಸಿದೆ, ತೊಳೆದೆ, ಊದಿದೆ, ಜೋಡಿಸಿದೆ. ಅತ್ತೆಯವರು ಸೀರೆ ಉಟ್ಟು ಹೊರಟು ನಿಂತಿದ್ದರು.

"ನಾ ಬಸ್ಸಿಗೆ ಪಾರಿಶ್ವಾಡಕ್ಕ ಮುಂದ ಹೋಗಿರ್ತೀನಿ. ನೀವು ಸಾವಕಾಶ ಬರ್ರಿ."

"ಅತ್ತೀ, ನಿಮ್ಮಕಿಂತ ಮೊದಲ ನಾವು ಇರ್ತೀವಿ ಅಲ್ಲೆ!"

ಮಧ್ಯಾಹ್ನ ಊಟದ ನಂತರ ಯಜಮಾನರು ಗುಂಡಿ ಒತ್ತಿದರು. ಗುಡು... ಗುಡುಗುಡು! ನೀರು ಚಿಮುಕಿಸಿದೆ. ಎರಡೂ ಕೊಳವೆ ಚುರ್ ಚುರ್! ಯಜಮಾನರು ನನ್ನನ್ನು ಮದುವೆಯ ದಿನವೂ ಹಾಗೆ ನೋಡಿರಲಿಲ್ಲ.

"ಖರೇನಽ ಮಾಡಿದಿ ಬಿಡು, ಕಾಂತಾ! ಪಾನಾದ ಚೀಲ ತಗೋ, ಹೋಗೂಣು."

"ಪಾನಾ ಯಾಕ? ನನ್ನ ಕೆಲಸದ ಮ್ಯಾಲ ವಿಶ್ವಾಸ ಇಲ್ಲೇನು?"

ಚೀಲ ಮನೆಯಲ್ಲೇ ಉಳಿಯಿತು. ಕರವಸ್ತ್ರದಲ್ಲಿ ಬನ್ನಿ ಎಲೆ ಕಟ್ಟಿಕೊಂಡು ಹೊರಟೆವು. ಖಾನಾಪುರದ ರಸ್ತೆಯಲ್ಲಿ ನಮ್ಮನ್ನು ನೋಡಿ ಎತ್ತುಗಳು ಸಹ ದಾರಿ ಬಿಟ್ಟವು. ಖಾನಾಪುರ ದಾಟಿ ಪಾರಿಶ್ವಾಡದ ಕಡೆ ತಿರುಗಿದ ಮೇಲೆ ರಸ್ತೆ ಕುಣಿಸತೊಡಗಿತು. ಗಾಡಿ ಒಮ್ಮೆ ಕೆಮ್ಮಿತು. ನಂತರ ಸೀನಿತು. ಆಮೇಲೆ ಎರಡೂ ಸಿಲಿಂಡರು ಕೂಡಿ ಮೌನವ್ರತ ಹಿಡಿದವು. ಊರು ಕಣ್ಣಿಗೆ ಕಾಣುತ್ತಿತ್ತು, ಅಷ್ಟು ಸಮೀಪ!

ಯಜಮಾನರು ಬೈಯಲಿಲ್ಲ. ಬನ್ನಿಯ ಗಂಟನ್ನು ಕಿಸೆಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ನಡಕೋತ ಹೋಗೂಣೇನ್ರಿ?" ಎಂದೆ.

"ಗಾಡಿ ಮ್ಯಾಲ ಬರ್ತೀನಿ ಅಂದೇನಿ."

ಅಷ್ಟರಲ್ಲಿ ಊರ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಮೂತಿಗೆ ಚೆಂಡುಹೂವಿನ ಮಾಲೆ, ಮೇಲೆ ಕರಿ ಕನ್ನಡಕ ಹಾಕಿದ ದುಂಡಪ್ಪನವರು. ಕೈಯಲ್ಲಿ ಹಗ್ಗ!

"ಭಾವಾರೇ, ನಿಮಗ ಯಾರು ಹೇಳಿದ್ರು?"

"ಅವ್ವ ಬಸ್ ಇಳದಾಕಿನ ಹೇಳಿದ್ಲು. 'ಗಾಡಿ ರಿಪೇರಿ ಮಾಡಿದಾಕಿ ಕಾಂತಾ, ಹಗ್ಗ ತಗೊಂಡು ಹೋಗು,' ಅಂದ್ಲು."

ನಾನು ಆಕಾಶ ನೋಡಿದೆ. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಲಿಲ್ಲ.

"ಕಾಂತವ್ವಾ, ಹಗ್ಗ ಎಲ್ಲೆ ಕಟ್ಟಬೇಕು ಕೇಳು ಅವಗ."

"ಕಾಂತಾ, ಹ್ಯಾಂಡಲ್ಲಿಗೆ ಬ್ಯಾಡ, ಕೆಳಗ ಕಟ್ರಿ ಅಂತ ಹೇಳು ಅವರಿಗೆ."

"ಬ್ರೇಕ್ ಹಿಡೀಬ್ಯಾಡ ಅಂತ ಹೇಳು."

"ಜೋರ ಹೊಡೀಬ್ಯಾಡ್ರಿ ಅಂತ ಹೇಳು."

ಒಂದು ಮೊಳ ಅಂತರದಲ್ಲಿ ನಿಂತ ಇಬ್ಬರ ನಡುವೆ ನಾನು ಟೆಲಿಫೋನ್ ಎಕ್ಸ್‌ಚೇಂಜು! ಕೊನೆಗೆ ಯಜಮಾನರು ಗಾಡಿಯ ಮೇಲೆ, ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ. ಡಾಕ್ಟರ್ ಕಾಂತಾ ಎಂದು ಹಾರ ಹಾಕಿಸಿಕೊಂಡವಳು ಎರಡೂ ಕೈಯಲ್ಲಿ ಕಬ್ಬಿಣ ಹಿಡಿದು ಕುಪ್ಪಳಿಸುತ್ತ ಹೊರಟೆ.

ಟ್ರ್ಯಾಕ್ಟರಿನ ಸದ್ದಿಗೆ ಎಕ್ಸ್‌ಚೇಂಜು ಕೆಟ್ಟಿತು. ಹಿಂದಿನಿಂದ ಯಜಮಾನರು ಏನೋ ಒದರಿದರು, ನನಗೆ ಕೇಳಿಸಲಿಲ್ಲ. ಮತ್ತೆ ಒದರಿದರು. ನಾನು ಕಿವಿಗೆ ಕೈ ಹಚ್ಚಿದೆ. ಮುಂದೆ ತಗ್ಗು ಬಂತು, ಹಗ್ಗ ಸಡಿಲವಾಗಿ ಚಕ್ರಕ್ಕೆ ಸುತ್ತಿಕೊಳ್ಳುವಂತಾಯಿತು.

"ಅಣ್ಣಾ! ಸಾವಕಾಶೋ!"

ಭಾವನವರು ಹೊರಳಿ ನೋಡಿದರು. "ಬ್ರೇಕ್ ಹಿಡಿಯೋ ಮಬ್ಬ! ಸಾಯ್ತೀ!"

"ಈಗರ ಹಿಡೀಬ್ಯಾಡ ಅಂದಿ!"

"ಆವಾಗ ಏರಿತ್ತು, ಈಗ ಇಳಕಲ ಐತಿ! ಸಣ್ಣಂವಿದ್ದಾಗಿಂದ ಹಿಂಗಽ!"

"ನೀನೂ ಹಂಗಽ ಅದಿ!"

ಊರು ಮುಟ್ಟುವವರೆಗೂ ಬೈದಾಡಿದರು. ಎಲ್ಲ ಬಾಕಿ ಬೈಗುಳ ಬಡ್ಡಿ ಸಮೇತ ಚುಕ್ತಾ! ಬಾಗಿಲಲ್ಲಿ ಭರಮವ್ವನವರು ನಿಂತಿದ್ದರು. ಯಜಮಾನರು ಗಾಡಿಯ ಮೇಲಿಂದಲೇ ಇಳಿದರು, ಹಗ್ಗದ ಮಾತನ್ನು ಯಾರೂ ಎತ್ತಲಿಲ್ಲ. ಬನ್ನಿ ಕೊಟ್ಟರು, ತಗೊಂಡರು. ತಮ್ಮ ಕಾಲಿಗೆ ಬಾಗಿದ, ಅಣ್ಣ ಅರ್ಧದಲ್ಲೇ ಹಿಡಿದೆತ್ತಿದ. ಕರಿ ಕನ್ನಡಕ ಇದ್ದದ್ದು ಭಾವನವರಿಗೆ ಅನುಕೂಲವಾಯಿತು.

ಚಹ ಕುಡಿದದ್ದೇ ಇಬ್ಬರೂ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಗಾಳಿ ಎಳೆದುಕೊಳ್ಳುವ ಡಬ್ಬಿಯನ್ನು ಬಿಚ್ಚಿ ಭಾವನವರು ಚೆಂಡುಹೂವಿನ ಎಸಳುಗಳನ್ನು ಮುಷ್ಟಿಗಟ್ಟಲೆ ಹೊರಗೆ ತೆಗೆದರು. "ನಿನ್ನ ಹೇಣ್ತಿ ಇದರಾಗ ತ್ವಾಟಾ ಮಾಡ್ಯಾಳಲ್ಲೋ!"

ಹೂ ಹಾಕಿದ್ದು ನಾನಲ್ಲ ಎನ್ನಲು ಬಾಯಿ ತೆರೆದೆ. ಅತ್ತೆಯವರು ಗಂಭೀರವಾಗಿ ಅಡಿಕೆ ಕತ್ತರಿಸುತ್ತಿದ್ದರು. ಬಾಯಿ ಮುಚ್ಚಿದೆ.

"ಗಾಡಿ ಇಲ್ಲೇ ಇರಲಿ," ಎಂದರು ಭಾವನವರು. "ಆಯಿತವಾರಕ್ಕೊಮ್ಮೆ ಬಾ. ಇಬ್ರೂ ಕೂಡಿ ಪೂರಾ ಬಿಚ್ಚಿ ಮಾಡೂಣು. ಆದರ ಒಂದ ಕರಾರು. ಕಾಂತವ್ವ ಇದನ್ನ ಮುಟ್ಟಬಾರದು."

ನಾನು ಯಜಮಾನರ ಮುಖ ನೋಡಿದೆ. ಇಷ್ಟು ವರ್ಷ ಅಣ್ಣನ ಒಂದೇ ಒಂದು ಮಾತಿಗೂ ಒಪ್ಪದ ಮನುಷ್ಯ, ಅಣ್ಣನ ಮಾತು ಮುಗಿಯುವ ಮೊದಲೇ ಒಪ್ಪಿಬಿಟ್ಟಿದ್ದರು!